ಗಂಡೋ ಹೆಣ್ಣೋ ಅಂತ ಕೇಳಿದ ಕಂಪ್ಯೂಟರ್

ಮನುಷ್ಯನನ್ನು ಹಿಡಿದು ನಿಲ್ಲಿಸಿ "ನೀನು ಯಾರು?" ಅಂತ ಕೇಳಿದರೆ ಸಾಕು, ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ರೇಷನ್ ಕಾರ್ಡಿನವರು ಕೇಳಿದಾಗ ಆಗಿದೆ, ಜನಗಣತಿಯವರು ಕೇಳಿದಾಗಲೂ ಆಗಿದೆ. ನಮ್ಮಲ್ಲಿ ಕೇಳಿದ್ದು ಒಂದು ಕಂಪ್ಯೂಟರ್. ಹಾಗಾಗಿ ಫಜೀತಿ ಸ್ವಲ್ಪ ಹೆಚ್ಚೇ ಆಯಿತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ರಾಯಚೂರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಲೇಡಿ ಟೀಚರ್. ನಮ್ಮ ಮಾಲಕರು ಮಾನ್ವಿಯವರು, ಐವತ್ತು ದಾಟಿದವರು. ಒಂದು ಸಲ ಹೈದರಾಬಾದಿಗೆ ಹೋಗಿ ಬಂದವರೇ "ಟೈಪ್‌ರೈಟರ್ ಕಾಲ ಮುಗೀತು ಟೀಚರ್" ಅಂದರು. ಮುಂದಿನ ತಿಂಗಳು ಕಂಪ್ಯೂಟರ್ ಬಂತು. ಪೂಜೆ ಆಯಿತು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು ಅಂತ ಬೋರ್ಡು ಬಿತ್ತು. ಪೂಜೆಯ ದಿನ ಪರದೆಯ ನಟ್ಟನಡುವೆ ಹಚ್ಚಿದ ಕುಂಕುಮವನ್ನು ಒರೆಸಲು ಯಾರಿಗೂ ಧೈರ್ಯ ಬರಲಿಲ್ಲ. ಒಂದು ವಾರ ನಡುಸಾಲಿನಲ್ಲಿ ಬಂದ ಅಕ್ಷರಗಳೆಲ್ಲ ಮುತ್ತೈದೆಯರಾಗಿದ್ದವು.

ಖರೇ ಖರೇ ತುಂಬಿದ್ದು

ನಮ್ಮಲ್ಲಿ ಕಂಪ್ಯೂಟರ್ ಕಲಿಯಲು ಬಂದ ಮೊದಲನೆಯವನು ಯಾಪಲದಿನ್ನಿಯ ಹುಡುಗ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟೆಕ್ನಿಷಿಯನ್, ಮಾತು ಕಡಿಮೆ. ಒಂದು ದಿನ ಗೆಳೆಯನಿಂದ ಸಿಕ್ಕಿತು ಅಂತ ಒಂದು ಫ್ಲಾಪಿ ತಂದ. ಅದರೊಳಗೆ ಒಂದು ಆಟ. ರಾಜನ ಕಿರೀಟ ಕಳೆದಿರುತ್ತದೆ, ಅದನ್ನು ಹುಡುಕಲು ನಾವು ಗವಿಯೊಳಗೆ ಇಳಿಯಬೇಕು. ಒಳಗೆ ಹೋಗುವ ಮೊದಲು ಅದು ಇಂಗ್ಲಿಷಿನಲ್ಲಿ ನಾಲ್ಕು ಪ್ರಶ್ನೆ ಕೇಳುತ್ತಿತ್ತು: ಹೆಸರು ಏನು, ಗಂಡೋ ಹೆಣ್ಣೋ, ಯಾವ ಕುಲ, ಏನು ಉದ್ಯೋಗ.

ಅಷ್ಟರಲ್ಲಿ ಮಾಲಕರು ಬಂದರು. ಪರದೆ ನೋಡಿದವರೇ "ಇದೇನು, ಅಡ್ಮಿಶನ್ ಫಾರ್ಮ್ ಏನು? ಸರೀರಿ, ನಾ ತುಂಬತೀನಿ" ಅಂತ ಕುಂತರು. ಒಂದೇ ಬೆರಳಿನಲ್ಲಿ ಊರು, ತಂದೆ, ಮನೆತನ ಸಮೇತ ಹೆಸರು ಕುಟ್ಟತೊಡಗಿದರು. ಆಟ ಎಂಟು ಅಕ್ಷರಕ್ಕೆ ನಿಂತುಬಿಟ್ಟಿತು. ಮಾನ್ವಿಯವರ ಹೆಸರು ಮಾನ್ವಿಯಲ್ಲೇ ಉಳಿಯಿತು.

"ಗಂಡು" ಒತ್ತಿದರು. ಕುಲದಲ್ಲಿ ಮನುಷ್ಯ, ಕಿನ್ನರ, ಕುಳ್ಳ, ರಾಕ್ಷಸ ಅಂತ ಇದ್ದವು. "ಮನುಷ್ಯ" ಒತ್ತಿದರು. ಉದ್ಯೋಗದಲ್ಲಿ ಯೋಧ, ಮಂತ್ರವಾದಿ, ಕಳ್ಳ, ವ್ಯಾಪಾರಿ.

"ಸರ್, ಯೋಧ ಅಂತ ಹಾಕ್ರಿ," ಅಂದ ಟೆಕ್ನಿಷಿಯನ್.

"ನಾ ಯಾವಾಗ ಯುದ್ಧ ಮಾಡೀನೋ? ಸುಳ್ಳು ಬರದು ನಾಳೆ ಎನ್‌ಕ್ವಾಯಿರಿ ಬಂದ್ರ?" ಅಂತ "ವ್ಯಾಪಾರಿ" ಒತ್ತಿದರು.

ಗವಿಯೊಳಗೆ ಇಳಿದರು. ಎರಡೇ ನಿಮಿಷ. ಒಂದು ಇಲಿ ಕಚ್ಚಿತು. ನೀನು ಸತ್ತೆ ಅಂತ ಪರದೆಯ ಮೇಲೆ ಬಂತು.

ಮಾಲಕರು ಬಹಳ ಹೊತ್ತು ಆ ಸಾಲನ್ನೇ ನೋಡಿದರು. ಆಮೇಲೆ ಎದ್ದು, ಅಂಗಿ ಸರಿ ಮಾಡಿಕೊಂಡು ಅಂದರು: "ಎಲ್ಲಾ ಖರೇ ಖರೇ ತುಂಬಿದೆ ನೋಡ್ರಿ ಟೀಚರ್, ಅದಕ್ಕ ಸತ್ತೆ."

ಸರ್

ಎಲ್ಲರೂ ಹೋದ ಮೇಲೆ ಒಂದು ಮಧ್ಯಾಹ್ನ ನಾನೂ ಕುಂತೆ. ಗಂಡೋ ಹೆಣ್ಣೋ ಅಂತ ಕೇಳಿದಾಗ ಬೆರಳು ತಾನಾಗಿಯೇ "ಗಂಡು" ಕಡೆ ಹೋಯಿತು. ಯಾಕೆ ಅಂತ ನನಗೂ ಗೊತ್ತಿಲ್ಲ. ಹೇಗಿರುತ್ತದೋ ನೋಡೋಣ ಅಂತ ಇರಬೇಕು.

ಗವಿಯ ಬಾಯಲ್ಲಿ ಒಂದು ಖಾನಾವಳಿ ಇತ್ತು. ಒಳಗೆ ಕಾಲಿಟ್ಟ ಕೂಡಲೇ ಅಲ್ಲಿಯವನು "ಬರ್ರಿ, ಸರ್" ಅಂತ ಇಂಗ್ಲಿಷಿನಲ್ಲಿ ಸ್ವಾಗತ ಮಾಡಿದ. ನಾನು ಆಟ ನಿಲ್ಲಿಸಿ ಕುಂತೆ. ಒಂಬತ್ತು ವರ್ಷ ಸಾವಿರಾರು ಮಕ್ಕಳಿಗೆ "ರೆಸ್ಪೆಕ್ಟೆಡ್ ಸರ್" ಅಂತ ತಪ್ಪಿಲ್ಲದೆ ಟೈಪ್ ಮಾಡಲು ಕಲಿಸಿದ್ದೆ. ಆ ಸರ್ ಅನ್ನುವ ಮನುಷ್ಯ ನಾನೂ ಆಗಬಹುದು ಅಂತ ಹೊಳೆದಿರಲಿಲ್ಲ. ಖಾನಾವಳಿಯಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದೆ. ಮತ್ತೆ ಸರ್ ಅಂದ. ಹೀಗೆ ಎಂಟು ಸಲ ಹೋಗಿ ಬಂದೆ. ಕಿರೀಟದ ಗೊಡವೆಯೇ ಬೇಡವಾಯಿತು.

ಆ ಹುರುಪಿನಲ್ಲೇ ಮನೆಗೆ ಹೋಗಿ ಅವ್ವನ ಮುಂದೆ ಹೇಳಿದೆ: "ಯವ್ವಾ, ಇವತ್ತು ನಾ ಗಂಡಸಾಗಿದ್ದೆ."

ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಆಗು. ಆದ್ರ ನಳ ಬಂದದ, ಮೊದಲ ಎರಡು ಕೊಡ ತುಂಬಿಸಿಟ್ಟು ಆಮ್ಯಾಲ ಆಗು."

ಬೇಗಂ ಸಾಹೇಬರು

ನಮ್ಮಲ್ಲಿ ಒಬ್ಬ ಮುನ್ಷಿ ಸಾಹೇಬರು ಬರುತ್ತಿದ್ದರು. ನಿಜಾಮರ ಕಾಲದಲ್ಲಿ ಕಚೇರಿಯಲ್ಲಿ ಉರ್ದು ಬರೆದವರು. ಈಗ ಜನರಿಗೆ ಅರ್ಜಿ ಬರೆದುಕೊಡಲು ಇಂಗ್ಲಿಷ್ ಟೈಪಿಂಗ್ ಕಲಿಯುತ್ತಿದ್ದರು. ಆಟ ನೋಡಿ ಅವರಿಗೂ ಆಸೆಯಾಯಿತು. ಕುಂತರು. "ಹೆಣ್ಣು" ಒತ್ತಿದರು. "ಯೋಧ" ಒತ್ತಿದರು. ಹೆಸರಿನ ಜಾಗದಲ್ಲಿ ಮೊದಲೇ ಮನೆಯಾಕೆಯ ಹೆಸರು ಹಾಕಿದ್ದರು.

ಹುಡುಗರು ನಕ್ಕರು. ಮುನ್ಷಿ ಸಾಹೇಬರು ಸಿಟ್ಟಾಗಲಿಲ್ಲ. "ನಗಬ್ಯಾಡ್ರಿ. ಚಾಲೀಸ್ ಬರಸ್, ನಲವತ್ತು ವರ್ಷ ಸಂಸಾರ ಮಾಡೀನಿ. ನನಗ ಬಜಾರದಾಗ ಬದನಿಕಾಯಿ ಚೌಕಾಸಿ ಮಾಡಾಕ ಬರಾಂಗಿಲ್ಲ, ಗವ್ಯಾಗ ಹೋಗಿ ಏನು ಮಾಡ್ಲಿ? ಆಕಿ ಆದ್ರ ಗೆದ್ದು ಬರ್ತಾಳ" ಅಂದರು.

ಖರೆ, ಆಕೆ ಗೆಲ್ಲುತ್ತಲೇ ಹೋದಳು. ಇಲಿ ಸತ್ತಿತು, ಹಾವು ಸತ್ತಿತು. ಮೂರನೇ ದಿನ ಒಬ್ಬ ರಾಕ್ಷಸ ಎದುರಾದ. ಅದೇ ಹೊತ್ತಿಗೆ ಬೇಗಂ ಸಾಹೇಬರು, ಗಂಡ ಮರೆತು ಬಂದಿದ್ದ ಊಟದ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಒಬ್ಬ ಹುಡುಗ ಉತ್ಸಾಹದಿಂದ ಓದಿ ಹೇಳಿಬಿಟ್ಟ: "ಅಮ್ಮಾ, ನಿಮ್ಮ ಹೆಸರು ಬಂದದ ನೋಡ್ರಿ! ನಿಮಗ ಗಾಯ ಆಗ್ಯಾವ, ಇನ್ನ ಎರಡು ಏಟು ಬಿದ್ರ ಸಾಯ್ತೀರಿ!"

ಬೇಗಂ ಸಾಹೇಬರು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು.

"ಟೈಪಿಂಗ್ ಕಲಿತೀನಿ ಅಂತ ಬಂದು ಇಲ್ಲಿ ನನ್ನ ಸಾಯಿಸಾಕ ಕುಂತೀರೇನು?"

"ಇಲ್ಲ ಇಲ್ಲ, ನೀನೇ ಗೆಲ್ಲಾಕತ್ತಿ," ಅಂತ ಮುನ್ಷಿ ಸಾಹೇಬರು ತೊದಲಿದರು.

"ಮತ್ತ ಎರಡೇ ಏಟು ಹೆಂಗ ಉಳದಾವ?"

"ರಾಕ್ಷಸ ಜೋರದಾನ."

ಬೇಗಂ ಸಾಹೇಬರು ಪರದೆಯನ್ನು ಒಂದು ಕ್ಷಣ ನೋಡಿದರು, ಗಂಡನನ್ನು ಒಂದು ಕ್ಷಣ ನೋಡಿದರು. "ಏಳ್ರಿ ಮ್ಯಾಲಕ್ಕ. ನನ್ನ ಹೆಸರಿಲೆ ನೀವು ಯಾಕ ಹೊಡದಾಡ್ತೀರಿ? ಯಾವ ಗುಂಡಿ ಒತ್ತಬೇಕು ತೋರಸ್ರಿ" ಅಂತ ಕುಂತರು. ನಾಲ್ಕು ಏಟಿಗೆ ರಾಕ್ಷಸ ಬಿದ್ದ. ಬುರ್ಖಾ ಸರಿ ಮಾಡಿಕೊಂಡು ಎದ್ದು, ಡಬ್ಬಿ ತೆರೆದು ಗಂಡನ ಮುಂದಿಟ್ಟು, ನಮ್ಮೆಲ್ಲರಿಗೂ ಕೇಳುವ ಹಾಗೆ ಅಂದರು: "ಇಷ್ಟಕ್ಕ ಮೂರು ದಿನ?"

ಹೆಣ್ಣುಮಕ್ಕಳ ಸೀಟು

ದೇವದುರ್ಗದಲ್ಲೂ ಮಾನ್ವಿಯಲ್ಲೂ ನಮ್ಮ ಶಾಖೆಗಳಿದ್ದವು. ಕಂಪ್ಯೂಟರ್ ಮಾತ್ರ ಒಂದೇ. ಹಾಗಾಗಿ ಅದನ್ನೇ ಕೌದಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಒಯ್ದು ತೋರಿಸಿ ಬರುವುದು ನನ್ನ ಕೆಲಸ. ದೇವದುರ್ಗದ ಬಸ್ಸಿನಲ್ಲಿ ಅದನ್ನು ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿದ್ದೆ.

ಕಂಡಕ್ಟರ್ ಬಂದ. "ಅಕ್ಕಾರ, ಇದು ಹೆಣ್ಣುಮಕ್ಕಳ ಸೀಟ್ರಿ. ಇದನ್ನ ತಗೀರಿ."

"ಯಾಕ್ರಿ, ಇದೇನು ಗಂಡಸೇನು?"

ಕಂಡಕ್ಟರ್ ಕೌದಿ ಸ್ವಲ್ಪ ಸರಿಸಿ ಒಳಗೆ ನೋಡಿದ. ಅನುಮಾನ ಬಂದಿರಬೇಕು. ಮತ್ತೆ ಮುಚ್ಚಿದ.

"ಹೆಣ್ಣು ಅಂತನೂ ಎಲ್ಲೂ ಬರದಿಲ್ಲಲ್ರಿ."

ಹಿಂದಿನ ಸಲ

ದೇವದುರ್ಗ ನನ್ನ ಹುಟ್ಟಿದೂರು. ಶಾಖೆಯ ಮುಂದೆ ಜನ ಸೇರಿದ್ದರು. ಪತ್ರದ ನಮೂನೆ ತೋರಿಸಿದರೆ ಯಾರೂ ನಿಲ್ಲುವುದಿಲ್ಲ ಅಂತ ಆಟವನ್ನೇ ಹಾಕಿದೆ. ಮುಂದೆ ಒಬ್ಬ ಹೆಣ್ಣುಮಗಳು ಕುಂತಿದ್ದಳು. ಕೂಲಿ ಕೆಲಸದವಳು. ಎಸ್ಸೆಸ್ಸೆಲ್ಸಿ ಪಾಸಾದ ಮಗಳನ್ನು ಟೈಪಿಂಗಿಗೆ ಸೇರಿಸಲು ಅರ್ಧ ದಿನ ಕೆಲಸ ಬಿಟ್ಟು ಬಂದಿದ್ದಳು.

ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಹೆಸರು. ಗಂಡೋ ಹೆಣ್ಣೋ. ಮೂರನೆಯದಕ್ಕೆ ಬಾಯಿ ತಪ್ಪಿ "ಯಾವ ಜಾತಿ" ಅಂದುಬಿಟ್ಟೆ.

ತಾಯಿ ಸೆರಗು ಸರಿಮಾಡಿಕೊಂಡಳು, ಮಗಳು ನೆಲ ನೋಡಿದಳು. ಆ ನೆಲವನ್ನು ನಾನೂ ಬಹಳ ಸಲ ನೋಡಿದವಳೇ. ಶಾಲೆಗೆ ಸೇರಿದಾಗ, ನೌಕರಿಗೆ ಅರ್ಜಿ ಹಾಕಿದಾಗ, ಆ ಕಾಲಮ್ಮು ಬಂದಾಗಲೆಲ್ಲ.

"ಹಂಗಲ್ಲವಾ," ಅಂತ ಗಡಬಡಿಸಿ ಹೇಳಿದೆ. "ಇದು ಆಟದ್ದು. ಮನುಷ್ಯ, ಕಿನ್ನರ, ಕುಳ್ಳ, ರಾಕ್ಷಸ. ಯಾವುದು ಬೇಕೋ ನೀನೇ ಆರಿಸ್ಕೋಬೇಕು."

ತಾಯಿ ತಲೆ ಎತ್ತಿದಳು. "ನಾನೇ ಆರಿಸ್ಕೋಬೇಕೇನ್ರಿ?"

"ಹೌದವಾ."

"ಯಾರೂ ಏನೂ ಅನ್ನಾಂಗಿಲ್ಲ?"

"ಯಾರೂ ಏನೂ ಅನ್ನಾಂಗಿಲ್ಲ."

ಆಕೆ ಕಾಲು ಮಡಚಿ ಸರಿಯಾಗಿ ಕುಂತಳು. ನಾಲ್ಕನ್ನೂ ಮತ್ತೊಮ್ಮೆ ಓದಿಸಿಕೊಂಡಳು. ಕಿನ್ನರ ಅಂದರೆ ಹೇಗಿರುತ್ತಾನೆ, ಏನು ಉಣ್ಣುತ್ತಾನೆ ಅಂತ ಕೇಳಿದಳು. ರಾಕ್ಷಸರಿಗೆ ಶಕ್ತಿ ಎಷ್ಟು ಅಂತ ಕೇಳಿದಳು. ಹಿಂದೆ ನಿಂತವನೊಬ್ಬ "ಏ, ಲಗೂ ಮಾಡವ್ವಾ" ಅಂದ.

ಆಕೆ ತಿರುಗಿಯೂ ನೋಡಲಿಲ್ಲ.

"ತಡಿಯಪ್ಪಾ. ಹಿಂದಿನ ಸಲ ಯಾರೂ ನನ್ನ ಕೇಳಿರಲಿಲ್ಲ."

ಮಾನ್ವಿಯ ಸಂಬಂಧ

ಇನ್ನು ನನ್ನಿಂದಲೇ ಆದ ತಪ್ಪೊಂದನ್ನು ಹೇಳಬೇಕು.

ನಮ್ಮ ಟೆಕ್ನಿಷಿಯನ್ ಹುಡುಗನಿಗೆ ಮಾಲಕರು ಮಾನ್ವಿಯ ಕಡೆಯಿಂದ ಒಂದು ಹೆಣ್ಣು ನೋಡಿದ್ದರು. ಹುಡುಗಿ ಟೀಚರ್ ಆಗಲು ಟಿ.ಸಿ.ಎಚ್. ಓದುತ್ತಿದ್ದಳು, ತಂದೆ ಹೈಸ್ಕೂಲ್ ಮಾಸ್ತರರು. ಹುಡುಗನ ವಿವರವನ್ನು ಚಂದಾಗಿ ಇಂಗ್ಲಿಷಿನಲ್ಲಿ ಕಂಪ್ಯೂಟರಿನಲ್ಲೇ ಬರೆದು ಕಳಿಸೋಣ ಅಂತ ಮಾಲಕರ ಹಟ. ನಾನು ಬರೆದೆ, ಪ್ರಿಂಟ್ ತೆಗೆದೆ. ಅದೇ ದಿನ ಹುಡುಗ ಆಟದಲ್ಲಿನ ತನ್ನ ಪಾತ್ರದ ವಿವರವನ್ನೂ ಗೆಳೆಯರಿಗೆ ತೋರಿಸಲು ಪ್ರಿಂಟ್ ತೆಗೆದಿಟ್ಟಿದ್ದ. ಎರಡೂ ಒಂದೇ ತರಹದ ಕಾಗದ. ಎರಡರ ಮೇಲೂ ಮೊದಲ ಸಾಲಿನಲ್ಲಿ ಅವನದೇ ಹೆಸರು. ನಾನು ಒಂದನ್ನು ಮಡಚಿ ಲಕೋಟೆಯಲ್ಲಿ ಹಾಕಿ ಅಂಟಿಸಿದೆ.

ವಾರಕ್ಕೆ ಮಾಸ್ತರರ ಕಾರ್ಡು ಬಂತು: "ನಿಮ್ಮ ಕಾಗದ ನೋಡಿ ಮನೆಮಂದಿಗೆಲ್ಲ ಗಾಬರಿಯಾಗಿದೆ. ಕೂಡಲೇ ಬರುವುದು."

ಹುಡುಗ, ಮಾಲಕರು, ನಾನು ಮೂವರೂ ಮಾನ್ವಿಗೆ ಹೋದೆವು. ನಡುಮನೆಯಲ್ಲಿ ಮಾಸ್ತರರು ಕಾಗದ ಹಿಡಿದು ಕುಂತಿದ್ದರು. ಮೂಲೆಯಲ್ಲಿ ಅವರ ತಾಯಿ, ಎಂಬತ್ತರ ಮುದುಕಿ, ಎಲೆ ಅಡಿಕೆ ಕುಟ್ಟುತ್ತಿದ್ದಳು. ಬಾಗಿಲ ಪರದೆಯ ಹಿಂದೆ ಹುಡುಗಿಯ ಬಳೆ ಸದ್ದು.

ಮಾಸ್ತರರು ಕನ್ನಡಕ ಹಾಕಿಕೊಂಡರು. "ಹುಡುಗ ಐದು ಫೂಟು ಎಂಟು ಇಂಚು ಅಂದಿದ್ರಿ. ಇಲ್ಲಿ ಕುಳ್ಳ ಅಂತ ಬರದದ. ಇರಲಿ. ನಾವೇನು ಎತ್ತರ ನೋಡಿ ಹೆಣ್ಣು ಕೊಡಾವರಲ್ಲ."

ನಾನು ಹುಡುಗನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

"ಶಕ್ತಿನಗರದಾಗ ನೌಕರಿ ಅಂದಿದ್ರಿ. ಇಲ್ಲಿ ಉದ್ಯೋಗ ಕಳ್ಳ ಅಂತ ಬರದದ. ನಾ ಮಾಸ್ತರ, ನನಗ ಇಂಗ್ಲಿಷ್ ಬರ್ತದ, ಡಿಕ್ಷನರಿ ತಗದೂ ನೋಡಿದೆ." ಕನ್ನಡಕ ತೆಗೆದರು. "ಎರಡನೇ ಸಾಲು ಓದಾಕ ನನಗ ನಾಚಿಕಿ ಬರ್ತದ. ಟೀಚರ್, ನೀವೇ ಓದ್ರಿ."

ಕಾಗದ ನನ್ನ ಕೈಗೆ ಬಂತು. "ಹೆಣ್ಣು," ಅಂತ ಓದಿದೆ.

ಮಾಲಕರು ಸಹಾಯಕ್ಕೆ ಬಂದರು. "ಹಂಗಲ್ರಿ ಮಾಸ್ತರ. ಅಂವ ಗವಿಯೊಳಗ ಇದ್ದಾಗ ಅಷ್ಟೇ ಹೆಣ್ಣು. ಹೊರಗ ಬಂದ್ರ ಗಂಡೇ."

ಮಾಸ್ತರರು ಎದ್ದು ನಿಂತರು.

ನಾನು ಕೈ ಮುಗಿದು ನಡೆದದ್ದನ್ನೆಲ್ಲ ಹೇಳಿದೆ. ಆಟ, ಫ್ಲಾಪಿ, ಗವಿ, ಲಕೋಟೆ. ತಪ್ಪು ನನ್ನದು, ಹುಡುಗನದಲ್ಲ ಅಂದೆ. ಸರಿಯಾದ ಕಾಗದ ತೆಗೆದು ಕೊಟ್ಟೆ. ಮಾಸ್ತರರು ಕುಂತರು, ಆದರೆ ಮುಖ ಬಿಗಿದೇ ಇತ್ತು.

ಆಗ ಪರದೆ ಸರಿಸಿ ಹುಡುಗಿಯೇ ಹೊರಗೆ ಬಂದಳು. ನೇರ ಹುಡುಗನನ್ನೇ ಕೇಳಿದಳು: "ಕುಳ್ಳ ಯಾಕ ಆದ್ರಿ?"

"ಗವಿ ಸಣ್ಣದದ್ರಿ. ತಲಿ ಬಡೀಬಾರದಂತ."

"ಕಳ್ಳ?"

"ಬೀಗ ತಗಿಯಾಕ."

"ಹೆಣ್ಣು ಯಾಕ?"

ಹುಡುಗ ಹೇಳಿದ: "ನಮ್ಮವ್ವ ಹೋದಾಗ ನಾ ಆರು ವರ್ಷದಾಂವ. ನಮ್ಮಕ್ಕ ಕಾಲುವಿ ಕೆಲಸಕ್ಕ ಹೋಗಿ ನನ್ನ ಓದಿಸಿದಳು. ಕತ್ತಲದಾಗ ಒಬ್ಬರೇ ಇಳೀಬೇಕು, ಯಾರಾಗಿ ಇಳೀತಿ ಅಂತ ಅದು ಕೇಳ್ತು. ಅಂಜದ ಮಂದಿ ಅಂದ್ರ ನನಗ ಆಕಿ ಒಬ್ಬಾಕೇ ಗೊತ್ತು."

ಹುಡುಗಿ ಒಳಗೆ ಹೋಗಿ ನಮ್ಮೆಲ್ಲರಿಗೂ ಚಹಾ ತಂದಳು. ಅವನ ಕಪ್ಪನ್ನು ಮೊದಲು ಕೊಟ್ಟಳು. ಮಾಸ್ತರರ ಮುಖ ಸಡಿಲಾಯಿತು. ಎರಡೂ ಕಾಗದವನ್ನು ಒಂದರ ಮೇಲೊಂದು ಇಟ್ಟು ತಾಯಿಯ ಕಡೆ ತಿರುಗಿ, "ಯವ್ವಾ, ನೀ ಏನಂತಿ?" ಅಂದರು.

ಮುದುಕಿ ಕುಟ್ಟುವುದನ್ನು ನಿಲ್ಲಿಸಿದಳು. ಅಷ್ಟು ಹೊತ್ತೂ ಎಲ್ಲವನ್ನೂ ಕೇಳುತ್ತ ಕುಂತವಳು. ಹುಡುಗನನ್ನು ಕಾಲಿನಿಂದ ತಲೆಯವರೆಗೆ ನೋಡಿ ಅಂದಳು:

"ಕುಳ್ಳ ಇರಲಿ, ಕಳ್ಳ ಇರಲಿ, ಹೆಣ್ಣೇ ಇರಲಿ ಯಪ್ಪಾ. ನೌಕರಿ ಪರ್ಮನೆಂಟ್ ಅದನೋ ಇಲ್ಲೋ, ಅದೊಂದು ಹೇಳ್ರಿ."