ತೂಬಿನ ಚಕ್ರ, ಬಿದ್ದ ಗೋಡೆ ಹಾಗೂ ಸಹಾಯದ ಕ್ರಮದ ಕುರಿತು

ಕೆಳಕಾಲುವೆ ಕಚೇರಿ, ನರಿನ್ ಸೀಮೆ
ಸಂಖ್ಯೆ: ಕೆ.ಕಾ.ಕ/ಸಹಾಯ/ತುರ್ತು/4

ಸುತ್ತೋಲೆ

ವಿಷಯ: ಕಚೇರಿಯಲ್ಲಿ ಸಹಾಯ ನೀಡುವ, ನಿರಾಕರಿಸುವ ಹಾಗೂ ಕೊನೆಗೆ ಒಪ್ಪಿಕೊಳ್ಳುವ ಕ್ರಮ.

ಉಲ್ಲೇಖ: (1) ತೂಬಿನ ಕಾವಲುಗಾರ ತಾಷ್ಪೊಲೊತ್ ಅವರು ಮೇಜಿನ ಮೇಲಿಟ್ಟು ಹೋದ ತೂಬಿನ ಕೀಲಿಕೈ. (2) ಗುಮಾಸ್ತೆ ಬುರುಲ್ಚಾ ಅವರ ಮನೆಯ ಬಿದ್ದ ಗೋಡೆ.

ಚಳಿಗಾಲಕ್ಕೆ ತೂಬು ಮುಚ್ಚುವ ದಿನ ತಾಷ್ಪೊಲೊತ್ ಅವರ ಭುಜ ಹಿಡಿದುಕೊಂಡಿದ್ದರಿಂದ ಚಕ್ರ ತಿರುಗಲಿಲ್ಲ. ಆಗ ಬುರುಲ್ಚಾ ಅವರು ಎಲ್ಲರೆದುರು "ಬಿಡಿ ಬೈಕೆ (ಅಣ್ಣ), ನಿಮ್ ಕೈಲಾಗಲ್ಲ" ಎಂದು ತಾವೇ ತಿರುಗಿಸಿ, ಹಿರಿಯರು ಊಟಕ್ಕೆ ಹಾಸಿದ ಬಟ್ಟೆಯ ಮೇಲಿನ ರೊಟ್ಟಿಯನ್ನೂ ಮುರಿಯದೆ, "ಇದೇನ್ ಮಹಾ ಕೆಲ್ಸ" ಎಂದು ಹೊರಟುಹೋದದ್ದು ಗಮನಕ್ಕೆ ಬಂದಿದೆ. ಅಂದಿನಿಂದ ತಾಷ್ಪೊಲೊತ್ ಕೆಲಸಕ್ಕೆ ಬಂದಿಲ್ಲ. ಇತ್ತ ಬುರುಲ್ಚಾ ಅವರು ಗೋಡೆ ಬಿದ್ದ ಜಾಗಕ್ಕೆ ಕಂಬಳಿ ಕಟ್ಟಿ ಮಲಗುತ್ತಿದ್ದರೂ, ನೆರವಿಗೆ ಹೋದ ಸಿಬ್ಬಂದಿಗೆ ಬಟ್ಟಲು ತುಂಬ ಚಹಾ ಸುರಿದಿದ್ದಾರೆ. ಅರ್ಧ ಬಟ್ಟಲೆಂದರೆ ಇನ್ನೂ ಕೂತಿರಿ, ತುಂಬಿದ ಬಟ್ಟಲೆಂದರೆ ಕುಡಿದು ಎದ್ದು ಹೋಗಿ ಎಂದರ್ಥ. ಅವರು ತಿಳಿದೇ ತುಂಬಿಸಿದ್ದು. ಸಿಬ್ಬಂದಿ ಕುಡಿದು ಎದ್ದು ಬಂದಿದ್ದಾರೆ.

ಹಿಮ ಬೀಳುವ ದಿನ ಹತ್ತಿರವಾಗಿದೆ. ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

1. "ನಿಮ್ ಕೈಲಾಗಲ್ಲ" ಎಂಬ ಮಾತನ್ನು ನಿಷೇಧಿಸಲಾಗಿದೆ. ಬದಲಿಗೆ "ಬೈಕೆ, ಚಳಿಗೆ ನನ್ ಕೈ ಮರಗಟ್ಟಿದೆ, ಬಿಸಿಯಾಗೋಕೆ ಒಂಚೂರು ಚಕ್ರ ತಿರುಗಿಸ್ಲಾ?" ಎಂದು ಕೇಳತಕ್ಕದ್ದು. ಬೇಸಿಗೆಯಲ್ಲೂ ಹೀಗೆಯೇ ಕೇಳತಕ್ಕದ್ದು.

2. ಸಹಾಯ ಪಡೆಯುವವರು ಮೊದಲು ನಿರಾಕರಿಸತಕ್ಕದ್ದು. "ಯಾಕೆ, ನಾನೇನ್ ಸತ್ತೋದ್ನಾ?" ಎಂಬ ಮಾತನ್ನು ಅಂಗೀಕೃತ ನಿರಾಕರಣೆ ಎಂದು ಪರಿಗಣಿಸಲಾಗುವುದು. ಇದಕ್ಕೆ ಸಹಾಯಕರು "ಇನ್ನೂ ಇಲ್ಲ" ಎಂದು ಉತ್ತರಿಸುವಂತಿಲ್ಲ. (ಚಾಲಕ ಮಾಮಿರ್ಬೆಕ್ ಗಮನಿಸುವುದು.)

3. ಭಾರ ಕೈಯಲ್ಲಿರುವಾಗ ನಿರಾಕರಣೆಯನ್ನು ಮೊಟಕುಗೊಳಿಸತಕ್ಕದ್ದು. ಕಳೆದ ವರ್ಷ ಮರ್ಯಾದೆ ಮುಗಿಯುವ ತನಕ ಬೀರು ಮೆಟ್ಟಿಲ ಮೇಲೆಯೇ ಇತ್ತು. ಅದರಡಿ ಒಬ್ಬರ ಕಾಲೂ ಇತ್ತು.

4. ಸಹಾಯಕರು ಒಂದು ಸಣ್ಣ ತಪ್ಪನ್ನಾದರೂ ಮಾಡಿ, ಎದುರಿನವರಿಗೆ ಬೈಯಲು ಅವಕಾಶ ಕಲ್ಪಿಸತಕ್ಕದ್ದು. ಮಾಮಿರ್ಬೆಕ್ ಅವರಿಗೆ ಇದರ ತರಬೇತಿಯಿಂದ ವಿನಾಯಿತಿ ನೀಡಲಾಗಿದೆ.

5. ಉಣ್ಣದೆ ಎದ್ದುಹೋದವರ ಸಹಾಯವನ್ನು ಸಹಾಯವೆಂದು ಪರಿಗಣಿಸಲಾಗದು. ತಿಂದು ಹೋದರೆ ಮನೆಯವರು ಊಟ ಹಾಕಿದ ಯಜಮಾನರು; ತಿನ್ನದೆ ಹೋದರೆ ಅವರೇ ಕೈಯೊಡ್ಡಿದವರಾಗುತ್ತಾರೆ. ಹೊಟ್ಟೆ ತುಂಬಿದೆ ಎಂಬ ಕಾರಣಕ್ಕೆ ವೈದ್ಯರ ಪ್ರಮಾಣಪತ್ರ ಲಗತ್ತಿಸತಕ್ಕದ್ದು.

6. ಈ ಕಾಲುವೆ ಅಗೆದ ಕಾಲದಲ್ಲಿ ಗುದ್ದಲಿ ಎತ್ತಲಾಗದ ಮುದುಕರನ್ನು ಹಾಡಲು ನೇಮಿಸಲಾಗುತ್ತಿತ್ತು. ಹಾಡು ಕೇಳುವ ಹಾಗಿರುತ್ತಿರಲಿಲ್ಲ. ಆದರೂ ಅವರು ಬಾಯಿ ತೆರೆಯದೆ ಯಾರೂ ಗುದ್ದಲಿ ಮುಟ್ಟುತ್ತಿರಲಿಲ್ಲ. ಆ ಪದ್ಧತಿಯನ್ನು ಯಾವ ಆದೇಶವೂ ಇದುವರೆಗೆ ರದ್ದುಪಡಿಸಿಲ್ಲ.

7. ಬರುವ ಶನಿವಾರ ಬುರುಲ್ಚಾ ಅವರ ಗೋಡೆಗೆ ಇಡೀ ಕಚೇರಿ ಮುಯ್ಯಾಳಾಗಿ ಹೋಗತಕ್ಕದ್ದು. ಅವರು "ನಾನೇ ಮಾಡ್ಕೋತೀನಿ" ಎಂದಲ್ಲಿ ಅದನ್ನು ಕಲಂ 2ರ ನಿರಾಕರಣೆಯೆಂದು ಬಗೆದು ಮಣ್ಣು ಇಳಿಸತಕ್ಕದ್ದು. ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುವ ಕೆಲಸಕ್ಕೆ ತಾಷ್ಪೊಲೊತ್ ಅವರನ್ನು ನೇಮಿಸಲಾಗಿದೆ. ತುಳಿಯಲು ಭುಜ ಬೇಕಾಗಿಲ್ಲ ಎಂಬ ಅಂಶವನ್ನು ಯಾರೂ ಬಾಯಿಬಿಟ್ಟು ಹೇಳತಕ್ಕದ್ದಲ್ಲ.

8. ಅಂದು ಚಹಾ ಅರ್ಧ ಬಟ್ಟಲು ಮಾತ್ರ.

(ಸಹಿ)
ಅಸಾಂಕುಲ್
ಹಿರಿಯ ಕಾಲುವೆ ಮೇಲ್ವಿಚಾರಕ
(ಸಾಹೇಬರು ರಜೆಯಿಂದ ಮರಳುವವರೆಗೆ ಪ್ರಭಾರ)

ಪ್ರತಿಗಳು:

1. ತಾಷ್ಪೊಲೊತ್ ಅವರಿಗೆ. ಈ ಪ್ರತಿಯಲ್ಲಿ ಕಲಂ 7ರ ಕೊನೆಯ ಸಾಲಿನ ಮೇಲೆ ಚಹಾ ಚೆಲ್ಲಲಾಗಿದೆ. ಕೀಲಿಕೈ ಅವರಿಟ್ಟ ಮೇಜಿನ ಮೇಲೆಯೇ ಇದೆ, ಯಾರೂ ಮುಟ್ಟಿಲ್ಲ.

2. ಬುರುಲ್ಚಾ ಅವರಿಗೆ, ಅರ್ಧ ಬಟ್ಟಲು ಸುರಿಯುವ ಅಭ್ಯಾಸಕ್ಕಾಗಿ.

3. ಮಾಮಿರ್ಬೆಕ್ ಅವರಿಗೆ. ನಗತಕ್ಕದ್ದಲ್ಲ.

4. ಸೂಚನಾ ಫಲಕಕ್ಕೆ.

ಸೇರ್ಪಡೆ (ಫಲಕಕ್ಕೆ ಅಂಟಿಸಿದ ನಂತರ, ಕೈಬರಹದಲ್ಲಿ)

ಇದನ್ನು ಅಂಟಿಸಲು ಕೆಳಸಹಿದಾರನು ಕುರ್ಚಿ ಹತ್ತಿದ್ದಾಗ, ಮರೆತ ಟೋಪಿ ಒಯ್ಯಲು ಬಂದೆನೆಂದು ಹೇಳಿಕೊಂಡ ತಾಷ್ಪೊಲೊತ್ ಅವರು ಕುರ್ಚಿ ಹಿಡಿದು, "ಇಳೀರಿ ಹಿರೀಕರೆ, ನಿಮ್ ಕೈಲಾಗಲ್ಲ" ಎಂದಿರುತ್ತಾರೆ. ಇದು ಕಲಂ 1ರ ಸ್ಪಷ್ಟ ಉಲ್ಲಂಘನೆ. ಟೋಪಿ ಅವರ ತಲೆಯ ಮೇಲೆಯೇ ಇತ್ತು. ಕುರ್ಚಿ ಅಲುಗಾಡುತ್ತಿರಲಿಲ್ಲ. ಅವರಿಗೆ ಅರ್ಧ ಬಟ್ಟಲು ಚಹಾ ಕೊಡಲಾಯಿತು. ಕುಡಿದು ಬಟ್ಟಲನ್ನು ಮತ್ತೆ ಒಡ್ಡಿದರು.

ಮೇಜಿನ ಮೇಲಿದ್ದ ಕೀಲಿಕೈ ಈಗ ಕಾಣುತ್ತಿಲ್ಲ. ಯಾರೂ ಹುಡುಕತಕ್ಕದ್ದಲ್ಲ.