ಸೌತೆಬಳ್ಳಿಗೆ ಹಿಡಿದ ಕೊಡೆ

ಬರ ಅಳೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಬೆಂಗಳೂರಿನಲ್ಲಿದ್ದಾಗ ಅದಕ್ಕೆಂದೇ ಒಂದು ಎಕ್ಸೆಲ್ ಹಾಳೆ ತಯಾರಿಸಿದ್ದೆ. ಒಂದು ಸಾಲಿನಲ್ಲಿ ಬಿದ್ದ ಮಳೆ, ಪಕ್ಕದ ಸಾಲಿನಲ್ಲಿ ವಾಡಿಕೆ ಮಳೆ. ಎರಡನ್ನೂ ತೂಗಿ ಹಾಳೆಯೇ ಅಂಕ ಕೊಡುತ್ತದೆ. ಸೊನ್ನೆಗಿಂತ ಕೆಳಗಿಳಿದರೆ ಬರ, ಮೇಲೇರಿದರೆ ಸುಭಿಕ್ಷ. ಇಂಥ ವಿದ್ಯಾವಂತ ಮಲೇಷ್ಯಾದ ಸುಬಾಂಗ್ ಜಯಾಕ್ಕೆ ಬಂದ ಮೇಲೆ ಸುಮ್ಮನೆ ಕೂರುವುದುಂಟೇ?

ಲಾಕ್‌ಡೌನಿನ ಕಾಲ. ನನ್ನ ಹೆಂಡತಿ ವಸುಧಾ ಕುಂದಾಪುರದವಳು. ಅವಳಮ್ಮ ಕೊಟ್ಟಿದ್ದ ಸಾಂಬಾರ್ ಸೌತೆ ಬೀಜಗಳಲ್ಲಿ ನಮ್ಮ ಹಿತ್ತಲಲ್ಲಿ ಮೊಳೆತದ್ದು ಒಂದೇ ಒಂದು. ವಿಮಾನಗಳೆಲ್ಲ ನಿಂತಿದ್ದವು, ಈ ಬಳ್ಳಿ ಹೋದರೆ ಬೀಜಕ್ಕೂ ಗತಿಯಿಲ್ಲ. ಅದರಲ್ಲಿ ಹೆಬ್ಬೆರಳು ಗಾತ್ರದ ಕಾಯಿಯೊಂದು ಕೂತಿತ್ತು. ಪಕ್ಕದ ಮನೆಯ ಮಂಗಳೂರಿನ ಲವೀನಾ ಬಾಯಿ ಗೋಡೆಯಾಚೆಯಿಂದ ದಿನವೂ ಅದರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಮುಂದೆ ಆಗಲಿರುವ ಹುಳಿಯಲ್ಲಿ ಅವರಿಗೊಂದು ಪಾಲಿತ್ತು.

ನಲ್ಲಿ ಆಗಾಗ ಕೈಕೊಡುತ್ತಿತ್ತು. ವಸುಧಾ ಡ್ರಮ್ಮಿನಲ್ಲಿ ತುಂಬಿಟ್ಟ ನೀರಿನಿಂದಲೇ ಬಳ್ಳಿಗೆರೆಯುತ್ತಿದ್ದಳು. ಮಲೇಷ್ಯಾದಂಥ ಮಳೆಯ ನಾಡಿನಲ್ಲಿ ಇದೆಂಥ ಅಪವ್ಯಯ ಎಂದು ನಾನು ಹಳೆಯ ಹಾಳೆ ತೆರೆದು, ಸುಬಾಂಗಿನಲ್ಲಿ ಬಿದ್ದ ಮಳೆಯ ಅಂಕಿ ಹಾಕಿದೆ. ಅಂಕ ಗಗನಕ್ಕೇರಿತು. ಅತಿವೃಷ್ಟಿ! ಆ ಕ್ಷಣದಿಂದಲೇ ನೀರೆರೆಯುವುದು ನಿಷೇಧವೆಂದು ಸಾರಿದೆ.

ಎಲೆಗಳು ಜೋತುಬಿದ್ದವು. ಮತ್ತೆ ಲೆಕ್ಕ ಮಾಡಿದೆ. ಮತ್ತೆ ಅತಿವೃಷ್ಟಿ. ಹಾಗಾದರೆ ನೀರು ಹೆಚ್ಚಾಗಿ ಬೇರು ಕೊಳೆಯುತ್ತಿದೆ ಎಂದು ತೀರ್ಮಾನಿಸಿ, ಬಳ್ಳಿಯ ಮೇಲೆ ನಮ್ಮ ದೊಡ್ಡ ಕೊಡೆಯನ್ನು ಬಿಚ್ಚಿ ಕಟ್ಟಿದೆ. ಆ ವಾರ ಬಿದ್ದ ಒಂದೇ ಒಂದು ತುಂತುರು ಮಳೆ ಕೊಡೆಯ ಮೇಲೆ ಬಿದ್ದು, ಚರಂಡಿಗೆ ಹೋಯಿತು.

ಬಳ್ಳಿ ಗೋಡೆಗೆ ತಲೆಯಾನಿಸಿ ಮಲಗಿದ ದಿನ ವಸುಧಾ ಮಣ್ಣಿಗೆ ಬೆರಳು ಹಾಕಿ ನೋಡಿದಳು. ಬರೀ ಹುಡಿ.

“ರೀ, ಇಲ್ಲಿ ಸಂಡಿಗೆ ಒಣಗಿಸ್ಬಹುದು. ಮಳೆ ಜಾಸ್ತಿ, ಜಾಸ್ತಿ ಅಂತೀರಲ್ಲ, ಯಾವುದಕ್ಕಿಂತ ಜಾಸ್ತಿ?”

ಉತ್ತರ ತೋರಿಸಲು ಠೀವಿಯಿಂದ ಲ್ಯಾಪ್‌ಟಾಪ್ ತೆರೆದೆ. ವಾಡಿಕೆ ಮಳೆಯ ಸಾಲಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಊರಿನ ಹೆಸರಿತ್ತು: ಚಳ್ಳಕೆರೆ.

ನಾನು ಹುಟ್ಟಿದ ಊರು. ಹಾಳೆಯ ಮೊದಲ ಲೆಕ್ಕ ಅಲ್ಲಿಯದೇ. ಮಳೆ ಬದಲಿಸಿದ್ದೆ, ವಾಡಿಕೆ ಬದಲಿಸಿರಲಿಲ್ಲ. ಇಷ್ಟು ಮಳೆ ನಮ್ಮೂರಿಗೆ ಬಿದ್ದಿದ್ದರೆ ಕೆರೆಗೆ ಬಾಗಿನ ಬಿಡುತ್ತಿದ್ದರು. ಸುಬಾಂಗಿಗೆ ಅದೇ ಬರಗಾಲ.

ವಸುಧಾ ನೀರಿನ ಚೊಂಬನ್ನು ಕೈಗೆ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಸಂಜೆ ನೀರೆರೆದೆ. ಮೊದಲು ತುದಿಯ ಕುಡಿ ತಲೆಯೆತ್ತಿತು, ಆಮೇಲೆ ಎಲೆಗಳು. ಕಾಯಿ ಮಾತ್ರ ಏನೂ ಆಗಿಲ್ಲವೆಂಬಂತೆ ತೊಟ್ಟು ಬಿಡದೆ ಕೂತೇ ಇತ್ತು. ನನಗೂ ಧೈರ್ಯ ಮರಳಿತು. ಸುಬಾಂಗಿನದೇ ವಾಡಿಕೆ ಹಾಕಿ ಲೆಕ್ಕ ತಿದ್ದಿ, ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಿಸಿದೆ: “ತೀವ್ರ ಬರ. ನೀರು ಉಳಿಸಿ.”

ಫೋನು ಕೆಳಗಿಡುವಷ್ಟರಲ್ಲಿ ಗುಡುಗಿತು. ಆಕಾಶವೇ ಕಳಚಿ ಬಿದ್ದಂಥ ಮಳೆ. ಗೋಡೆಯಾಚೆಯಿಂದ ಲವೀನಾ ಬಾಯಿಯ ದನಿ ಬಂತು: “ಮಾರಾಯ್ರೆ, ನಿಮ್ಮ ಬರ ಬಂತು. ಬಟ್ಟೆ ಒಳಗೆ ಹಾಕಿ.”

ಕಾಯಿ ಬಲಿತು ಹೊಂಬಣ್ಣಕ್ಕೆ ತಿರುಗಿತು. ಹುಳಿ ಗೋಡೆ ದಾಟಿತು, ಒಣಗಿಸಿದ ಬೀಜದಲ್ಲೂ ಒಂದು ಹಿಡಿ ದಾಟಿತು. ಈಗ ಎರಡೂ ಮನೆಯ ಹಿತ್ತಲಲ್ಲಿ ಸೌತೆ ಹಬ್ಬಿದೆ. ಬರ ನಿರ್ಣಯವೆಲ್ಲ ವಸುಧಾಳ ತೋರುಬೆರಳಿನದು. ಆ ಇಲಾಖೆಯಲ್ಲಿ ನನಗೂ ಒಂದು ಹುದ್ದೆಯಿದೆ: ಅವಳು ಕರೆದಾಗ ಚೊಂಬು ಹಿಡಿದು ಹಾಜರಾಗಬೇಕು. ಕೊಡೆ ಬೀರುವಿನಲ್ಲಿದೆ. ಬೀಗದ ಕೈ ಅವಳ ಹತ್ತಿರ.