ಹಿರಿಯರು ಕಂಡರೆ ಇಳಿಯಬೇಕು

ನನ್ನ ಕಾಲುಗಳಿಗೆ ಸ್ವಂತ ಬುದ್ಧಿ ಇದೆಯೇನೋ ಎಂಬುದು ನನ್ನ ಬಹಳ ವರ್ಷಗಳ ಅನುಮಾನ. ತಲೆ ಕಾನ್ವೆಂಟಿನಲ್ಲಿ ಕಲಿಯಿತು. ‘ಮೇ ಐ ಕಮ್ ಇನ್, ಸಿಸ್ಟರ್’ ಎಂದು ಕೇಳದೆ ಬಾಗಿಲು ದಾಟುತ್ತಿರಲಿಲ್ಲ. ಕಾಲುಗಳು ಮಾತ್ರ ಸುರಪುರದ ನನ್ನ ಅತ್ತೆಯ ಕೈಯಲ್ಲಿ ಕಲಿತವು. ಎರಡರ ಸಿಲೆಬಸ್ಸೂ ಬೇರೆ. ಇದು ಎಂಥ ಅಪಾಯದ ವಿಷಯ ಎಂದು ತಿಳಿದದ್ದು ದೂರದ ಆಸ್ಟ್ರಿಯಾದಲ್ಲಿ, ಹೆಂಗಸರ ಸೈಕಲ್ ರೇಸಿನ ನಡುಮಧ್ಯೆ.

ಆಗ ನಮ್ಮ ಕಡೆ ಎಲ್ಲೆಲ್ಲೂ ಕೆನಾಲಿನದೇ ಮಾತು. ನಮ್ಮವರು ಕೆನಾಲ್ ಇಂಜಿನಿಯರ್. ಹುಣಸಗಿ ಹತ್ತಿರದ ಕ್ಯಾಂಪಿನಲ್ಲಿ ಕ್ವಾರ್ಟರ್ಸ್. ನಾನು ಪಕ್ಕದ ಊರಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಕೆನಾಲ್ ದಂಡೆಯ ಮೇಲೆ ಸೈಕಲ್ಲಿನಲ್ಲಿ ಹೋಗಿಬರುತ್ತೇನೆ ಎಂದಾಗ ಅತ್ತೆ ಎಲೆಅಡಿಕೆ ಜಗಿಯುತ್ತಾ ಒಂದೇ ಕಂಡಿಷನ್ ಹಾಕಿದರು. “ಹಿರೇರು ಕಂಡ್ರ ಇಳೀತೀನಿ ಅಂದ್ರ ಹತ್ತವ್ವಾ. ಸೈಕಲ್ ಮ್ಯಾಲೆ ಕುಂತು ಅವರನ್ನ ದಾಟಿದ್ರ, ಅವರ ತಲಿ ಮ್ಯಾಲೆ ಹಾದು ಹೋದಂಗ.” ಸರಿ, ಇಳಿದೆ. ಎಮ್ಮೆ ಕಾಯುವ ಅಜ್ಜನಿಗೆ ಇಳಿದೆ, ಬಟ್ಟೆ ಒಗೆಯುವ ಅಜ್ಜಿಯರಿಗೆ ಸಾಲಾಗಿ ಇಳಿದೆ. ಕೊನೆಗೆ ಬಿಳಿ ಕೂದಲು ಕಂಡರೆ ಸಾಕು, ಕಾಲುಗಳು ತಲೆಯ ಪರ್ಮಿಷನ್ ಕೇಳದೆ ನೆಲಕ್ಕೆ ಬಂದುಬಿಡುತ್ತಿದ್ದವು.

ಇನ್ನೊಂದು ಮಾತು. ಕೆನಾಲ್ ದಂಡೆಗೆ ಏರು ಎಂಬುದೇ ಇಲ್ಲ. ನೀರು ಹರಿಯಲು ಬೇಕಾದಷ್ಟು ಇಳಿಜಾರು, ಅದೂ ನಮ್ಮವರ ದುರ್ಬೀನಿಗೆ ಮಾತ್ರ ಕಾಣುವಂಥದ್ದು. ಏರು ಇರುವುದು ಸುರಪುರದ ಗುಡ್ಡದ ಓಣಿಗಳಲ್ಲಿ. ಆಗ ಅಲ್ಲಿ ಯಾರೂ ಸೈಕಲ್ ತುಳಿಯುತ್ತಿರಲಿಲ್ಲ. ಹ್ಯಾಂಡಲ್ ಹಿಡಿದು ತಳ್ಳಿಕೊಂಡು, ಬಾಗಿಲಲ್ಲಿ ಕುಳಿತವರನ್ನು ಮಾತಾಡಿಸುತ್ತಾ ಹತ್ತುತ್ತಿದ್ದರು.

ನಮ್ಮವರನ್ನು ಟ್ರೈನಿಂಗಿಗೆಂದು ಕೆಲವು ತಿಂಗಳು ಆಸ್ಟ್ರಿಯಾಕ್ಕೆ ಕಳಿಸಿದಾಗ ನಾನೂ ಹೋದೆ. ಲ್ಯಾಂಡ್‌ಲೇಡಿ ಹಿಲ್ಡಾ ನನಗಿಂತ ಬಹಳ ದೊಡ್ಡವಳು, ಆದರೆ ಬೆಳಗಾದರೆ ಸೈಕಲ್ಲೇರಿ ಬೆಟ್ಟ ಸುತ್ತಿ ಬರುತ್ತಿದ್ದಳು. ನಿಮ್ಮ ದೇಶದಲ್ಲಿ ಬೆಟ್ಟಗಳಿವೆಯೇ ಎಂದು ಒಂದು ದಿನ ಕನಿಕರದಿಂದ ಕೇಳಿದಳು. ಆ ಕನಿಕರ ನನಗೆ ಹಿಡಿಸಲಿಲ್ಲ. ನಮ್ಮ ಊರೇ ಗುಡ್ಡದ ಮೇಲಿದೆ, ಊರಿಗೆ ಹೋದಾಗಲೆಲ್ಲ ಸೈಕಲ್ ಸಮೇತ ಹತ್ತುತ್ತೇನೆ ಎಂದೆ. ತಳ್ಳಿಕೊಂಡು ಎಂಬುದೊಂದನ್ನು ಬಿಟ್ಟೆ, ಅಷ್ಟೇ. ಅವಳು ಖುಷಿಯಿಂದ ಊರಿನ ಹೆಂಗಸರ ರೇಸಿಗೆ ತನ್ನ ಹೆಸರಿನ ಜೊತೆ ನನ್ನದನ್ನೂ ಕೊಟ್ಟು, ಮಗಳ ಗೇರ್ ಸೈಕಲ್ ತಂದು ನಿಲ್ಲಿಸಿದಳು. ಈಗ ಹಿಲ್ಡಾಳನ್ನು ಹಿಂದೆ ಹಾಕದಿದ್ದರೆ ಸುರಪುರದ ಗುಡ್ಡಕ್ಕೇ ಮರ್ಯಾದೆ ಉಳಿಯುವಂತಿರಲಿಲ್ಲ.

ನಮ್ಮವರ ಪ್ಯಾಂಟಿಗೆ ಸೇಫ್ಟಿ ಪಿನ್ ಹಾಕಿಕೊಂಡು ನಿಂತೆ. ಸೀಟಿ ಊದಿದ್ದೇ ತಡ, ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಸುರಪುರದ ಬಸ್ಸು ಹತ್ತುವವಳಂತೆ ಮೊಣಕೈ ಮುಂದೆ ಮಾಡಿ ನುಗ್ಗಿದೆ. ಆ ದೇಶದ ಹೆಂಗಸರಿಗೆ ಈ ವಿದ್ಯೆ ಗೊತ್ತಿಲ್ಲ. ‘ಸಾರಿ’ ಅನ್ನುತ್ತಾ ದಾರಿ ಬಿಟ್ಟರು. ಹೊಳೆಯ ದಂಡೆಯ ಸಮತಟ್ಟು ರಸ್ತೆಯಲ್ಲಿ ನಾನೇ ಮುಂದೆ. ಆಮೇಲೆ ರಸ್ತೆ ತಲೆಯೆತ್ತಿತು. ದಾರಿ ಬಿಟ್ಟವರೆಲ್ಲ ಒಬ್ಬೊಬ್ಬರಾಗಿ, ಮತ್ತೆ ‘ಸಾರಿ’ ಎನ್ನುತ್ತಲೇ, ನನ್ನನ್ನು ದಾಟಿ ಹೋದರು. ಹಿಲ್ಡಾಳೂ ಹೋದಳು. ಗೇರ್ ಇರುವುದು ಯಾತಕ್ಕೆ ಎಂಬ ಕುತೂಹಲ ನನಗೆ ಮೊದಲೇ ಬರಬೇಕಿತ್ತು. ಅದಿದು ತಿರುವಿ ನೋಡುವಾಗ ಇದ್ದಕ್ಕಿದ್ದಂತೆ ಪೆಡಲ್ ಹಗುರಾಯಿತು. ಹಲ್ಲು ಕಚ್ಚಿ ತುಳಿದೆ. ಮುಂದಿನ ತಿರುವಿನಲ್ಲಿ ಹಿಲ್ಡಾಳ ಪಕ್ಕಕ್ಕೇ ಬಂದೆ. ಅವಳು ಏದುಸಿರು ಬಿಡುತ್ತಿದ್ದಳು. ಇನ್ನೆರಡು ತುಳಿತ, ಸುರಪುರ ಗೆದ್ದಂತೆ.

ಅಷ್ಟರಲ್ಲಿ ಅವಳು ಬೆವರು ಒರೆಸಲು ಟೋಪಿ ತೆಗೆದಳು. ಬೆಳ್ಳನೆಯ ತುರುಬು ಹೊರಬಿತ್ತು.

ನಾನು ನೆಲದ ಮೇಲೆ ನಿಂತಿದ್ದೆ.

ಪಾಪ, ಹಿಲ್ಡಾ ಗಾಬರಿಯಾಗಿ ತಾನೂ ಇಳಿದಳು. ಚೈನ್ ಕಳಚಿದೆ ಎಂದುಕೊಂಡು ನನ್ನ ಕಾಲ ಬಳಿ ಮಂಡಿಯೂರಿ ನೋಡತೊಡಗಿದಳು. ಹಿರಿಯಳು ನನ್ನ ಕಾಲ ಹತ್ತಿರ! ಅತ್ತೆ ನೋಡಿದ್ದರೆ ಎನ್ನಿಸಿ ಕಾನ್ವೆಂಟಿನ ಅತ್ಯುತ್ತಮ ಇಂಗ್ಲಿಷಿನಲ್ಲಿ ಹೇಳಿದೆ: “ನಥಿಂಗ್ ಈಸ್ ರಾಂಗ್, ಮ್ಯಾಡಮ್. ಯು ಆರ್ ವೆರಿ ಓಲ್ಡ್. ಪ್ಲೀಸ್ ಗೋ ಫಸ್ಟ್.”

ಹಿಲ್ಡಾಳ ಮುಖ ಕೆಂಪಾಯಿತು. ಸೈಕಲ್ಲೇರಿದವಳು ಬಾರುಕೋಲಿನ ಏಟು ತಿಂದಂತೆ ಆ ಏರನ್ನು ಹತ್ತಿದಳು; ಮುಂದಿದ್ದ ಹುಡುಗಿಯರನ್ನೂ ಹಿಂದೆ ಹಾಕಿ ಬಹುಮಾನ ಹೊಡೆದಳು. ಆ ಏರಿನಲ್ಲಿ ನನಗೆ ಮತ್ತೆ ಹತ್ತಲು ಬರಲಿಲ್ಲ. ನಮ್ಮ ಓಣಿಯ ಪದ್ಧತಿಯಂತೆ ಸೈಕಲ್ ತಳ್ಳಿಕೊಂಡು, ರಸ್ತೆ ಬದಿಯವರನ್ನು ಮಾತಾಡಿಸುತ್ತಾ ಬಂದೆ. ನನ್ನ ಹಿಂದೆ ಇದ್ದದ್ದು ಆಂಬ್ಯುಲೆನ್ಸ್ ಒಂದೇ. ಕೊನೆಯಲ್ಲಿ ಕಾಯುತ್ತಿದ್ದ ನಮ್ಮವರು ಕಥೆ ಕೇಳಿ, “ಅವರು ಹತ್ತಾಕಂತ ರೇಸ್ ಇಟ್ಟಾರ. ನೀ ಅಲ್ಲಿ ಇಳಿಯಾಕ ಹೋಗಿದ್ದೇನು?” ಎಂದರು. ಗೌರವ ಕೊಟ್ಟರೆ ಯಾಕೆ ಸಿಟ್ಟು ಬರಬೇಕು ಎಂಬುದು ಮಾತ್ರ ನನಗೆ ಅರ್ಥವಾಗಲೇ ಇಲ್ಲ. ವರ್ಷಗಟ್ಟಲೆ ಯೋಚಿಸಿದೆ.

ಈಗ ನಾನಿರುವುದು ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯಲ್ಲಿ; ಕೂದಲು ಹಿಲ್ಡಾಳದಕ್ಕಿಂತ ಬಿಳಿ. ಶಾಲೆಯ ಹುಡುಗಿಯರು ಗಂಟೆ ಬಾರಿಸುತ್ತಾ ದಾಟಿ ಹೋಗುತ್ತಾರೆ, ಒಬ್ಬಳೂ ಇಳಿಯುವುದಿಲ್ಲ. ಮೊನ್ನೆ ಒಬ್ಬಳು ಸುರಪುರದ ಏರಿನಲ್ಲಿ ನನ್ನೆದುರಿಗೇ ಇಳಿದಳು. ಹತ್ತಿರ ಹೋಗಿ ಬೆನ್ನು ತಟ್ಟಿದೆ. ಯಾರ ಮಗಳವ್ವಾ ನೀ, ಯಾರು ಕಲಿಸಿದರು ಇಷ್ಟು ಒಳ್ಳೆ ಮ್ಯಾನರ್ಸ್ ಎಂದು ಕೇಳಿದೆ.

“ಚೈನ್ ಬಿದ್ದೈತ್ರಿ,” ಎಂದಳು. ಮತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಅಜ್ಜಿ, ಭಾಳ ವಯಸ್ಸಾಗೈತಿ ನಿಮಗ. ಏರು ಹತ್ತಬ್ಯಾಡ್ರಿ, ಕುಂದರ್ರಿ.”

ನಾನು ಕುಳಿತುಕೊಳ್ಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವಳು ಚೈನ್ ಏರಿಸುವಷ್ಟರಲ್ಲಿ ಗುಡ್ಡದ ತುದಿ ಮುಟ್ಟಿದ್ದೆ.